ಕೋಟೆ ಹಿಡಿದವನು ಅಣ್ಣ, ಕಡಲು ಕಾದವನು ತಮ್ಮ

ಅಂಡಮಾನಿನ ಪೋರ್ಟ್ ಬ್ಲೇರ್ ಊರಿಗೆ (2024ರಿಂದ ಅದು ಶ್ರೀ ವಿಜಯ ಪುರಂ) ಮೊದಲಿಗೆ ಪೋರ್ಟ್ ಕಾರ್ನ್‌ವಾಲಿಸ್ ಎಂಬ ಹೆಸರಿತ್ತೆಂದು ಕಳೆದ ಸಂಚಿಕೆಯ ಈ ಅಂಕಣದಲ್ಲಿ ಬರೆದಿದ್ದೆವು. ಆ ಒಂದು ಸಾಲಿನ ಬೆನ್ನಿಗೇ ಬಂದ ಪತ್ರಗಳು ಈ ಸಲದ ಅಂಕಣವನ್ನೆಲ್ಲ ಆಕ್ರಮಿಸಿಕೊಂಡಿವೆ.

ಪ್ರಶ್ನೆ: ಮಕ್ಕಳನ್ನು ಕರೆದುಕೊಂಡು ಕೆ.ಆರ್. ಮಾರುಕಟ್ಟೆಯ ಹತ್ತಿರದ ಬೆಂಗಳೂರು ಕೋಟೆಗೆ ಹೋಗಿದ್ದೆ. 1791ರ ಮಾರ್ಚ್ 21ರಂದು ಬ್ರಿಟಿಷರು ಇಲ್ಲಿಂದಲೇ ಲಗ್ಗೆ ಹಾಕಿದರೆಂದು ಗೋಡೆಯ ಕಲ್ಲುಫಲಕದಲ್ಲಿದೆ. ಪಕ್ಕದಲ್ಲಿದ್ದವರೊಬ್ಬರು “ಅಡ್ಮಿರಲ್ ಕಾರ್ನ್‌ವಾಲಿಸ್ ಗೆದ್ದ ಕೋಟೆ” ಎಂದರು. ನಿಮ್ಮ ಅಂಕಣದಲ್ಲಿ ಬಂದ ಕಾರ್ನ್‌ವಾಲಿಸ್ ಇವನೇ? ಸಮುದ್ರದ ಗಾಳಿಯೂ ಸೋಕದ ನಮ್ಮೂರಿಗೂ ನೌಕಾಪಡೆಯ ಅಧಿಕಾರಿಗೂ ಏನು ಸಂಬಂಧ?
— ಬಸವನಗುಡಿಯ ಓದುಗರು

ಉತ್ತರ: ಒಬ್ಬನಲ್ಲ, ಇಬ್ಬರು, ಅಣ್ಣ ತಮ್ಮಂದಿರು. ಬೆಂಗಳೂರಿನ ಕೋಟೆಯನ್ನು ಹಿಡಿದವನು ಗವರ್ನರ್ ಜನರಲ್ ಚಾರ್ಲ್ಸ್ ಕಾರ್ನ್‌ವಾಲಿಸ್. ಅವನು ಅಡ್ಮಿರಲ್ ಅಲ್ಲ, ಭೂಸೇನೆಯ ದಂಡನಾಯಕ. ಅಂಡಮಾನಿನ ಬಂದರಿಗೆ ಹೆಸರು ಕೊಟ್ಟವನು ಅವನಿಗಿಂತ ಐದು ವರ್ಷ ಕಿರಿಯನಾದ ವಿಲಿಯಂ, 1744ರ ಫೆಬ್ರವರಿಯಲ್ಲಿ ಹುಟ್ಟಿದವನು. ಅಂದಿನ ಇಂಗ್ಲೆಂಡಿನ ಜಮೀನ್ದಾರಿ ಮನೆತನಗಳಲ್ಲಿ ಪದವಿಯೂ ಆಸ್ತಿಯೂ ಹಿರಿಯ ಮಗನ ಪಾಲಾಗುತ್ತಿದ್ದುದರಿಂದ ಉಳಿದವರು ಸೈನ್ಯ, ಚರ್ಚು, ನೌಕಾಪಡೆ ಎಂದು ದಾರಿ ನೋಡಿಕೊಳ್ಳಬೇಕಾಗಿತ್ತು. ಈ ಮನೆಯಲ್ಲಿ ಜೇಮ್ಸ್ ಎಂಬ ಸಹೋದರ ಬಿಷಪ್ ಆದ. ವಿಲಿಯಂ 1755ರಲ್ಲಿ, ಹನ್ನೊಂದು ವರ್ಷದ ಹುಡುಗನಾಗಿದ್ದಾಗಲೇ, ಹಡಗು ಹತ್ತಿದ. ಹದಿನಾಲ್ಕನೆಯ ವಯಸ್ಸಿಗೆ ಕೆನಡಾದ ಲೂಯಿಬರ್ಗ್ ಮುತ್ತಿಗೆಯನ್ನೂ ಹದಿನೈದನೆಯ ವಯಸ್ಸಿಗೆ ಫ್ರಾನ್ಸಿನ ಕಿಬೆರಾನ್ ಕೊಲ್ಲಿಯ ಕದನವನ್ನೂ ಕಂಡ ಅವನು 1765ರಲ್ಲಿ, ಇಪ್ಪತ್ತೊಂದರ ಹರೆಯದಲ್ಲಿ, ಪೂರ್ಣ ಪ್ರಮಾಣದ ಕ್ಯಾಪ್ಟನ್ ಆದ.

ಇಲ್ಲಿ ಒಂದು ಮಾತನ್ನು ಸೇರಿಸಬೇಕು. ಆ ಕಾಲದ ಬ್ರಿಟಿಷ್ ನೌಕಾಪಡೆಯಲ್ಲಿ ಕ್ಯಾಪ್ಟನ್ ಆಗುವವರೆಗೆ ಮಾತ್ರ ಶಿಫಾರಸು, ಶೌರ್ಯ, ಅದೃಷ್ಟಗಳ ಆಟ ನಡೆಯುತ್ತಿತ್ತು. ಅದರಾಚೆಗೆ ಬಡ್ತಿ ಎಂಬುದು ನಮ್ಮ ಸರ್ಕಾರಿ ಕಚೇರಿಗಳ ಜ್ಯೇಷ್ಠತಾ ಪಟ್ಟಿಯ ಹಾಗೆ; ಮೇಲಿನವರು ತೀರಿಕೊಂಡಂತೆಲ್ಲ ಕೆಳಗಿನವರು ಏರಬೇಕು. 1765ರಲ್ಲಿ ಕ್ಯಾಪ್ಟನ್ ಆದ ವಿಲಿಯಂ ರಿಯರ್ ಅಡ್ಮಿರಲ್ ಆದದ್ದು 1793ರಲ್ಲಿ, ಇಪ್ಪತ್ತೆಂಟು ವರ್ಷಗಳ ನಂತರ. ಹಾಗಾಗಿ ಬೆಂಗಳೂರಿನ ಮುತ್ತಿಗೆಯ ಹೊತ್ತಿನಲ್ಲಿ ತಮ್ಮನೂ ಅಡ್ಮಿರಲ್ ಆಗಿರಲಿಲ್ಲ, ಕಮಾಡೋರ್ (ಹಲವು ಹಡಗುಗಳ ಹೊಣೆ ಹೊತ್ತ ಕ್ಯಾಪ್ಟನ್) ಆಗಿದ್ದ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರೋಣ. ಇದಕ್ಕೆ ಉತ್ತರ ಬೆಂಗಳೂರಿನಿಂದ ಅಲ್ಲ, ಅಮೆರಿಕದಿಂದ ಆರಂಭವಾಗುತ್ತದೆ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, 1781ರ ಅಕ್ಟೋಬರ್ 19ರಂದು, ಯಾರ್ಕ್‌ಟೌನ್ ಎಂಬಲ್ಲಿ ಚಾರ್ಲ್ಸ್ ಕಾರ್ನ್‌ವಾಲಿಸ್ ತನ್ನ ಇಡೀ ಸೈನ್ಯದೊಂದಿಗೆ ಶರಣಾದ. ನೆಲದ ಕಡೆಯಿಂದ ವಾಷಿಂಗ್ಟನ್ನನ ಸೇನೆ ಸುತ್ತುವರಿದಿದ್ದುದು ಒಂದು ಕಾರಣವಾದರೆ, ಬೆನ್ನ ಹಿಂದಿನ ಸಮುದ್ರದ ಬಾಗಿಲನ್ನು ಫ್ರೆಂಚ್ ಅಡ್ಮಿರಲ್ ದ ಗ್ರಾಸ್ ತನ್ನ ಹಡಗುಗಳಿಂದ ಮುಚ್ಚಿಬಿಟ್ಟದ್ದು ಅದಕ್ಕಿಂತ ದೊಡ್ಡ ಕಾರಣ. ಆರು ತಿಂಗಳು ಕಳೆಯುವುದರೊಳಗೆ, 1782ರ ಏಪ್ರಿಲ್ 12ರಂದು, ವೆಸ್ಟ್ ಇಂಡೀಸಿನ ಸೇಂಟ್ಸ್ ದ್ವೀಪಗಳ ಬಳಿ ನಡೆದ ಯುದ್ಧದಲ್ಲಿ ಅದೇ ದ ಗ್ರಾಸ್‌ನ ಧ್ವಜನೌಕೆ (ಅಡ್ಮಿರಲ್ ಸ್ವತಃ ಇರುವ ಹಡಗು) ‘ವಿಲ್ ದ ಪಾರಿ’ಯನ್ನು ಸುಮಾರು ಎರಡು ಗಂಟೆಗಳ ಕಾಲ ಬಿಡದೆ ಕಾಡಿದ ಹಡಗು ‘ಕೆನಡಾ’. ಅದರ ಕ್ಯಾಪ್ಟನ್ ವಿಲಿಯಂ ಕಾರ್ನ್‌ವಾಲಿಸ್. ದಿನದ ಕೊನೆಗೆ ದ ಗ್ರಾಸ್ ಸೆರೆಯಾದ. ಅಣ್ಣನ ಸೋಲಿಗೆ ತಮ್ಮ ತೀರಿಸಿದ ಸೇಡು ಎಂದು ಇದನ್ನು ಹೇಳಲು ನಾಲಿಗೆ ತುರಿಸುತ್ತದೆ. ಆದರೆ ಅವನು ಅಂದು ಮೂವತ್ತಕ್ಕೂ ಹೆಚ್ಚು ಹಡಗುಗಳ ಸಾಲಿನಲ್ಲಿ ಒಂದು ಹಡಗಿನ ಅಧಿಪತಿ ಮಾತ್ರ, ಆಜ್ಞೆ ಮೇಲಿನವರದು.

ಮುಂದೆ ಅಣ್ಣ 1786ರಲ್ಲಿ ಗವರ್ನರ್ ಜನರಲ್ ಆಗಿ ಕಲ್ಕತ್ತೆಗೆ ಬಂದ. ತಮ್ಮ 1789ರಲ್ಲಿ ‘ಕ್ರೌನ್’ ಎಂಬ 64 ಫಿರಂಗಿಗಳ ಹಡಗಿನಲ್ಲಿ ಪೂರ್ವ ಸಮುದ್ರಗಳ ನೌಕಾಪಡೆಯ ಮುಖ್ಯಸ್ಥನಾಗಿ ಬಂದ. ಮರುವರ್ಷವೇ ಟಿಪ್ಪುವಿನೊಡನೆ ಯುದ್ಧ ಶುರುವಾಯಿತು. “ನೆಲದ ಮೇಲೆ ಅವರನ್ನು ಹಾಳುಗೆಡಹಬಲ್ಲೆ, ಆದರೆ ಸಮುದ್ರವನ್ನು ಬತ್ತಿಸಲಾರೆ” ಎಂಬರ್ಥದ ಒಂದು ಮಾತು ಹೈದರ್ ಅಲಿಯದೆಂದು ಪ್ರಚಲಿತವಾಗಿದೆ. ಅವನು ಅದನ್ನು ಅದೇ ಪದಗಳಲ್ಲಿ ಆಡಿದ್ದನೋ ಇಲ್ಲವೋ, ಮೂರನೆಯ ಮೈಸೂರು ಯುದ್ಧಕ್ಕೆ ಅದು ಅಕ್ಷರಶಃ ಹೊಂದುತ್ತದೆ. ಚಾರ್ಲ್ಸ್ ಕಲ್ಕತ್ತೆಯಿಂದ ಮದ್ರಾಸಿಗೆ ಬಂದದ್ದು ಹಡಗಿನಲ್ಲಿ. ಬೊಂಬಾಯಿಯ ಸೈನ್ಯ ಅಬರ್‌ಕ್ರೋಂಬಿಯ ನಾಯಕತ್ವದಲ್ಲಿ ತಲಚೇರಿಯಲ್ಲಿ ಇಳಿದು, 1790ರ ಡಿಸೆಂಬರಿನಲ್ಲಿ ಕಣ್ಣೂರನ್ನು ಹಿಡಿದು, ಕೊಡಗಿನ ಘಟ್ಟಗಳ ಮೂಲಕ ಮೈಸೂರಿನತ್ತ ಏರಿದ್ದೂ ಸಮುದ್ರದ ದಯೆಯಿಂದಲೇ. ಅಂದರೆ 1791ರ ಮಾರ್ಚ್ 7ರಂದು ನಮ್ಮ ಪೇಟೆ ಬಿದ್ದಾಗಲೂ, 21ರ ರಾತ್ರಿ ವೃದ್ಧ ಕಿಲ್ಲೇದಾರ ಬಹಾದ್ದೂರ್ ಖಾನ್ ಕೋಟೆಯ ಒಡಕಿನಲ್ಲೇ ಹೋರಾಡುತ್ತ ಮಡಿದಾಗಲೂ, ಆಕ್ರಮಣಕಾರರ ಬೆನ್ನ ಹಿಂದಿನ ಬಾಗಿಲು ತೆರೆದೇ ಇತ್ತು. ಯಾರ್ಕ್‌ಟೌನಿನಲ್ಲಿ ಅಣ್ಣನಿಗೆ ಇಲ್ಲದಿದ್ದದ್ದು ಬೆಂಗಳೂರಿನಲ್ಲಿ ಇತ್ತು, ಅಷ್ಟೇ ವ್ಯತ್ಯಾಸ ಎಂದರೆ ತೀರ ಅತಿಶಯೋಕ್ತಿಯಾಗಲಾರದು.

ಟಿಪ್ಪುವಿನ ಕಡೆಗೂ ಒಂದು ಬಾಗಿಲಿತ್ತು: ಮಂಗಳೂರು. ಫ್ರೆಂಚರು ಮಾಹೆಯಿಂದ ಅಲ್ಲಿಗೆ ಯುದ್ಧಸಾಮಗ್ರಿ ಸಾಗಿಸುತ್ತಿದ್ದಾರೆಂಬ ಗುಮಾನಿ ವಿಲಿಯಂನಿಗೆ ಇತ್ತು. ಆಗ ಬ್ರಿಟನ್ನಿಗೂ ಫ್ರಾನ್ಸಿಗೂ ಯುದ್ಧವಿರಲಿಲ್ಲ, ಸ್ನೇಹವಿಲ್ಲದ ಶಾಂತಿಯಷ್ಟೇ. ಆದರೂ ಮಲಬಾರ್ ತೀರದಲ್ಲಿ ಹೋಗಿಬರುವ ಹಡಗುಗಳನ್ನೆಲ್ಲ ತಡೆದು ಶೋಧಿಸಲು ಅವನು ಆಜ್ಞೆ ಮಾಡಿದ. 1791ರ ನವೆಂಬರ್ 18ರಂದು ‘ರೆಸೊಲ್ಯೂ’ ಎಂಬ ಫ್ರೆಂಚ್ ಯುದ್ಧನೌಕೆಯ ಕಾವಲಿನಲ್ಲಿ ವ್ಯಾಪಾರಿ ಹಡಗುಗಳು ಮಾಹೆಯಿಂದ ಉತ್ತರಕ್ಕೆ ಹೊರಟವು. ತಲಚೇರಿಯಲ್ಲಿ ಲಂಗರು ಹಾಕಿದ್ದ ‘ಫೀನಿಕ್ಸ್’ ಮತ್ತು ‘ಪರ್ಸೀವರೆನ್ಸ್’ ಅವುಗಳ ಬೆನ್ನು ಹತ್ತಿದವು. ಶೋಧನೆಗೆಂದು ದೋಣಿ ಇಳಿಸುತ್ತಿದ್ದಂತೆ ಫ್ರೆಂಚ್ ಕ್ಯಾಪ್ಟನ್ ಕಲಮಾಂಡ್ ಗುಂಡು ಹಾರಿಸಿದ. ಅರ್ಧ ಗಂಟೆಯೊಳಗೆ ಅವನ ಹಡಗಿನಲ್ಲಿ 25 ಜನ ಸತ್ತು 40 ಜನ ಗಾಯಗೊಂಡಿದ್ದರು. ಫೀನಿಕ್ಸ್‌ನಲ್ಲಿ ಸತ್ತವರು ಆರು, ಗಾಯಗೊಂಡವರು ಹನ್ನೊಂದು. ಆಮೇಲೆ ನಡೆದದ್ದು ನಗೆನಾಟಕದಂತಿದೆ. ವ್ಯಾಪಾರಿ ಹಡಗುಗಳನ್ನು ಜಾಲಾಡಿದರೆ ಯುದ್ಧಸಾಮಗ್ರಿ ಏನೂ ಸಿಗಲಿಲ್ಲ. ಬಾವುಟ ಇಳಿಸಿದ ಕಲಮಾಂಡ್ ತಾನು ಯುದ್ಧಕೈದಿ, ಹಡಗು ನಿಮ್ಮದು ಎಂದು ಪಟ್ಟು ಹಿಡಿದ. ಯುದ್ಧವೇ ಇಲ್ಲದಿರುವಾಗ ಕೈದಿ ಎಲ್ಲಿಂದ ಬರಬೇಕು ಎಂದು ಬ್ರಿಟಿಷರು ತಲೆ ಕೆರೆದುಕೊಂಡರು. ಕೊನೆಗೆ ಆ ಹಡಗನ್ನು ಮಾಹೆಗೆ ಎಳೆದೊಯ್ದು ಅಲ್ಲೇ ಬಿಟ್ಟು ಬಂದರು. ಪ್ಯಾರಿಸ್ ಆಗ ಕ್ರಾಂತಿಯ ಗದ್ದಲದಲ್ಲಿ ಮುಳುಗಿದ್ದುದರಿಂದ ಈ ಘಟನೆ ಯುದ್ಧಕ್ಕೆ ತಿರುಗಲಿಲ್ಲ. (ಪರ್ಸೀವರೆನ್ಸ್‌ನ ಕ್ಯಾಪ್ಟನ್ ಐಸಾಕ್ ಸ್ಮಿತ್, ಇಪ್ಪತ್ತೊಂದು ವರ್ಷ ಮೊದಲು ಜೇಮ್ಸ್ ಕುಕ್‌ನ ದೋಣಿಯಿಂದ ಆಸ್ಟ್ರೇಲಿಯದ ಬಾಟನಿ ಕೊಲ್ಲಿಯ ನೆಲಕ್ಕೆ ಮೊದಲು ಹಾರಿದನೆಂದು ಹೇಳುವ ಹುಡುಗನೇ.)

ನನ್ನ ಅಭಿಪ್ರಾಯ ಕೇಳಿದರೆ, ಅನ್ಯರ ಹಡಗನ್ನು ಶಾಂತಿಕಾಲದಲ್ಲಿ ತಡೆದದ್ದು ನ್ಯಾಯವಲ್ಲ. ಆದರೆ ಟಿಪ್ಪುವಿನ ಮಟ್ಟಿಗೆ ಆ ದಿನದ ಅರ್ಥ ಸ್ಪಷ್ಟವಾಗಿತ್ತು. ಮಂಗಳೂರಿನಲ್ಲಿ ಬಂದರು ಇರುವುದು ಬೇರೆ, ಬಂದರಿಗೆ ಹಡಗು ಬರುವುದು ಬೇರೆ. 1796ರಲ್ಲಿ ಅವನು ನಲವತ್ತು ಯುದ್ಧನೌಕೆಗಳನ್ನು ಕಟ್ಟಿಸಲು ಆಜ್ಞೆ ಹೊರಡಿಸಿದ್ದನ್ನು ಈ ಹಿನ್ನೆಲೆಯಲ್ಲಿ ಓದಬೇಕು.

ಅಂಡಮಾನಿನ ಬಂದರಿನ ವಿಷಯ ಚಿಕ್ಕದು. 1789ರಲ್ಲಿ ಆರ್ಚಿಬಾಲ್ಡ್ ಬ್ಲೇರ್ ಅಲ್ಲಿ ವಸಾಹತು ಹೂಡಿ ವಿಲಿಯಂನ ಹೆಸರಿಟ್ಟ. ವಿಲಿಯಂನಿಗೆ ಈಶಾನ್ಯ ದಿಕ್ಕಿನ ಇನ್ನೊಂದು ಕೊಲ್ಲಿ ಹಿಡಿಸಿದ್ದರಿಂದ 1792ರಲ್ಲಿ ಎಲ್ಲವನ್ನೂ ಅಲ್ಲಿಗೆ ಸಾಗಿಸಿದರು. ಅಲ್ಲಿ ಜ್ವರ ಜನರನ್ನು ಮುಕ್ಕಿತು. 1796ರಲ್ಲಿ ಬಿಟ್ಟೇ ಹೋದರು. ಬಂದರು ಆರಿಸುವುದರಲ್ಲಿ ಬ್ಲೇರ್‌ನದೇ ಸರಿಯಾದ ಕಣ್ಣು ಎಂದು ಕಾಲ ತೋರಿಸಿತು.

ಪ್ರಶ್ನೆ: ಈ ವಿಲಿಯಂ ಕಾರ್ನ್‌ವಾಲಿಸ್‌ನ ಅತ್ಯಂತ ಪ್ರಸಿದ್ಧ ಸಾಧನೆಯೇ ‘ಕಾರ್ನ್‌ವಾಲಿಸ್‌ನ ಹಿಮ್ಮೆಟ್ಟುವಿಕೆ’ ಎಂದು ಓದಿದೆ. ಓಡಿಹೋದವನಿಗೆ ಪಾರ್ಲಿಮೆಂಟು ಕೃತಜ್ಞತೆ ಹೇಳಿತಂತೆ! ಇದು ಹೇಗೆ?
— ಮಲ್ಲೇಶ್ವರದ ಓದುಗರು

ಉತ್ತರ: ಓಡುವುದರಲ್ಲೂ ಬಗೆಗಳಿವೆ. 1795ರ ಜೂನ್ 16ರ ಬೆಳಿಗ್ಗೆ ಫ್ರಾನ್ಸಿನ ಬ್ರಿಟನಿ ತೀರದಲ್ಲಿ ವೈಸ್ ಅಡ್ಮಿರಲ್ ವಿಲಿಯಂನ ಬಳಿ ಇದ್ದದ್ದು ಐದು ದೊಡ್ಡ ಯುದ್ಧನೌಕೆಗಳು ಮತ್ತು ಎರಡು ಫ್ರಿಗೇಟುಗಳು, ಅಂದರೆ ಚಿಕ್ಕದಾದ ವೇಗದ ಯುದ್ಧನೌಕೆಗಳು. ಎದುರಿಗೆ ಕಾಣಿಸಿಕೊಂಡದ್ದು ಫ್ರೆಂಚ್ ಅಡ್ಮಿರಲ್ ವಿಲಾರೆ ಜುವಯೂಸ್‌ನ ಹನ್ನೆರಡು ದೊಡ್ಡ ನೌಕೆಗಳು, ಜೊತೆಗೆ ಹನ್ನೊಂದು ಫ್ರಿಗೇಟುಗಳು. ಹಿಂತಿರುಗದೆ ಗತಿಯಿರಲಿಲ್ಲ. ಆದರೆ ‘ಬೆಲರೋಫಾನ್’ ಮತ್ತು ‘ಬ್ರನ್ಸ್‌ವಿಕ್’ ಎಂಬೆರಡು ಹಡಗುಗಳು ಎತ್ತಿನ ಗಾಡಿಯ ಓಟದವು. ಅವುಗಳ ಭಾರ ತಗ್ಗಿಸಲು ಲಂಗರು, ದೋಣಿ ಮೊದಲಾದವನ್ನು ಸಮುದ್ರಕ್ಕೆ ಎಸೆದರು. ಮರುದಿನ ಬೆಳಗಾಗುವಷ್ಟರಲ್ಲಿ ವೈರಿ ಎರಡೂ ಮಗ್ಗುಲಿಂದ ಹತ್ತಿರ ಬಂದಿದ್ದ. ವಿಲಿಯಂ ಆ ಎರಡು ನಿಧಾನದ ಹಡಗುಗಳನ್ನು ಮುಂದಕ್ಕೆ ಕಳಿಸಿ, ತನ್ನ 100 ಫಿರಂಗಿಗಳ ‘ರಾಯಲ್ ಸಾವರಿನ್’ ಅನ್ನು ಹಿಂದಕ್ಕೆ ಉಳಿಸಿಕೊಂಡ. ಕೊನೆಯಲ್ಲಿದ್ದ ‘ಮಾರ್ಸ್’ ಹಡಗಿನ ಹಾಯಿ ಹಗ್ಗಗಳು ಹರಿದು ಅದು ಸಿಕ್ಕಿಬೀಳುವಂತಾದಾಗ, ಅವನು ಧ್ವಜನೌಕೆಯನ್ನೇ ತಿರುಗಿಸಿ ವೈರಿಯ ಕಡೆಗೆ ನಡೆಸಿದ. ಹೆಚ್ಚಿನ ನೌಕಾಪತಿಗಳು ಒಂದು ಹಡಗನ್ನು ಬಿಟ್ಟು ನಾಲ್ಕನ್ನು ಉಳಿಸುವ ಲೆಕ್ಕ ಹಾಕುತ್ತಿದ್ದರು. ಈ ತಿರುಗುವಿಕೆಯಿಂದಲೇ ಆ ದಿನಕ್ಕೆ ಬೆಲೆ ಬಂದದ್ದು ಎಂದು ನಾನು ಭಾವಿಸುತ್ತೇನೆ.

ಉಳಿದದ್ದು ‘ಫೇಟನ್’ ಎಂಬ ಫ್ರಿಗೇಟಿನ ಕ್ಯಾಪ್ಟನ್ ಸ್ಟಾಪ್‌ಫರ್ಡ್‌ನ ಜಾಣತನ. ಬಹುದೂರ ಮುಂದೆ ಹೋದ ಅವನು ಮೊದಲು ‘ಯಾವುದೋ ಹಾಯಿಗಳು ಕಾಣುತ್ತಿವೆ’ ಎಂಬ ಸಂಕೇತ ಏರಿಸಿದ. ಸ್ವಲ್ಪ ಹೊತ್ತಿನ ನಂತರ ಮೇಲ್ಹಾಯಿಯ ಹಗ್ಗಗಳನ್ನು ಸಡಿಲಬಿಟ್ಟು ಬಟ್ಟೆ ಪಟಪಟನೆ ಬಡಿಯುವಂತೆ ಮಾಡಿ ಫಿರಂಗಿ ಹಾರಿಸಿದ. ನೌಕಾಪಡೆಯೊಂದು ಕಣ್ಣಿಗೆ ಬಿದ್ದಿದೆ ಎಂಬುದಕ್ಕೆ ಅದು ಎಲ್ಲ ದೇಶದ ನಾವಿಕರೂ ಬಲ್ಲ ಗುರುತು. ಆಮೇಲೆ ಬಾವುಟಗಳ ಮೂಲಕ ದಿಗಂತದಾಚೆಯ, ಇಲ್ಲದ ಅಡ್ಮಿರಲ್‌ನೊಂದಿಗೆ ಮಾತುಕತೆ ನಡೆಸುವವನಂತೆ ನಟಿಸಿದ. ಬ್ರಿಟಿಷರ ಸಂಕೇತಗಳನ್ನು ಓದಬಲ್ಲ ಫ್ರೆಂಚರು ಎಲ್ಲವನ್ನೂ ಓದಿದರು. ಅದೇ ವೇಳೆಗೆ ದೂರದಲ್ಲಿ ನಿಜವಾಗಿಯೂ ಕೆಲವು ಹಾಯಿಗಳು ಕಾಣಿಸಿದವಂತೆ, ಪಾಪ ಯಾರೋ ವ್ಯಾಪಾರಿಗಳದು. ಸಂಜೆಯ ಹೊತ್ತಿಗೆ ಫ್ರೆಂಚರು ಬೆನ್ನಟ್ಟುವುದನ್ನು ಕೈಬಿಟ್ಟರು. ವಿಲಿಯಂನ ಕಡೆ ಗಾಯಗೊಂಡವರು ಹನ್ನೆರಡು ಜನ; ಸತ್ತವರು ಇಲ್ಲ, ಕಳೆದುಕೊಂಡ ಹಡಗೂ ಇಲ್ಲ.

ಪ್ರಶ್ನೆ: ಅವನನ್ನು ‘ಬಿಲ್ಲಿ ಬ್ಲೂ’ ಎಂದು ಕರೆಯುತ್ತಿದ್ದುದು ಏಕೆ? ‘ನೀಲಿ ಅಡ್ಮಿರಲ್’ ಎಂಬ ಪದವಿ ಇತ್ತಂತಲ್ಲ, ಅದೇ ಕಾರಣವೇ? ಟ್ರಫಾಲ್ಗರ್ ಯುದ್ಧದಲ್ಲಿ ಅವನೇಕೆ ಇರಲಿಲ್ಲ?
— ವಿಜಯನಗರದ ಓದುಗರು

ಉತ್ತರ: ಕೆಂಪು, ಬಿಳಿ, ನೀಲಿ ಎಂಬ ವಿಭಾಗಗಳು ಬ್ರಿಟಿಷ್ ನೌಕಾಪಡೆಯಲ್ಲಿ 1864ರವರೆಗೂ ಇದ್ದವು, ಅಡ್ಮಿರಲ್‌ಗಳ ಅಂತಸ್ತನ್ನೂ ಆ ಬಣ್ಣಗಳಿಂದಲೇ ಹೇಳುತ್ತಿದ್ದರು. ಅಡ್ಡಹೆಸರಿಗೆ ಅದು ಕಾರಣವಲ್ಲ. ಹಡಗು ಹೊರಡಲು ಸಿದ್ಧವಾದಾಗ ಮುಂದಿನ ಕೂವೆಮರಕ್ಕೆ ಏರಿಸುವ, ನಡುವೆ ಬಿಳಿಯ ಚೌಕವಿರುವ ನೀಲಿ ಬಾವುಟಕ್ಕೆ ‘ಬ್ಲೂ ಪೀಟರ್’ ಎನ್ನುತ್ತಾರೆ. ದಡಕ್ಕೆ ಹೋದವರೆಲ್ಲ ಕೂಡಲೇ ಹಿಂದಿರುಗಿ ಎಂದು ಅದರ ಅರ್ಥ. ವಿಲಿಯಂನ ಹಡಗಿನಲ್ಲಿ ಅದು ಬಂದರಿಗೆ ಬಂದ ಗಳಿಗೆಯಿಂದಲೇ ಹಾರುತ್ತಿತ್ತು.

ಇದನ್ನು ಅರ್ಥ ಮಾಡಿಕೊಳ್ಳಲು ಫ್ರಾನ್ಸಿನ ಪಡುವಣ ತುದಿಯ ಬ್ರೆಸ್ಟ್ ಬಂದರಿನ ಮುಂದಿನ ಗಾಳಿಯನ್ನು ತಿಳಿಯಬೇಕು. 1801ರಲ್ಲೂ, ಮತ್ತೆ 1803ರಿಂದ 1806ರವರೆಗೂ, ಇಂಗ್ಲಿಷ್ ಕಡಲ್ಗಾಲುವೆಯ ನೌಕಾಪಡೆಯ ಅಧಿಪತಿಯಾಗಿ ವಿಲಿಯಂನಿಗೆ ಇದ್ದದ್ದು ಒಂದೇ ಕೆಲಸ. ಬ್ರೆಸ್ಟ್‌ನಲ್ಲಿರುವ ಫ್ರೆಂಚ್ ನೌಕಾಪಡೆ ಹೊರಗೆ ಬರಬಾರದು; ಬಂದರೆ ಫ್ರಾನ್ಸಿನದೇ ಬೂಲೋನಿನಲ್ಲಿ ಕಾದು ಕುಳಿತಿರುವ ನೆಪೋಲಿಯನ್ನನ ಸೈನ್ಯ ಇಂಗ್ಲೆಂಡಿಗೆ ದಾಟಬಹುದು. ಪಡುವಣ ಬಿರುಗಾಳಿ ಬೀಸಿದಾಗ ಬಂಡೆಗಳಿಂದ ತುಂಬಿದ ಆ ತೀರದಲ್ಲಿ ನಿಲ್ಲುವುದು ಆತ್ಮಹತ್ಯೆಗೆ ಸಮ. ಆಗ ಅವನು ಹಿಂದೆ ಸರಿದು ಇಂಗ್ಲೆಂಡಿನ ಟಾರ್‌ಬೇ ಕೊಲ್ಲಿಯಲ್ಲಿ ಆಸರೆ ಪಡೆಯುತ್ತಿದ್ದ. ಅದೇ ಗಾಳಿ ಬ್ರೆಸ್ಟ್‌ನ ಬಾಯಿಗೆ ನೇರವಾಗಿ ಬೀಸುವುದರಿಂದ ಫ್ರೆಂಚರಿಗೂ ಹೊರಗೆ ಬರಲಾಗುತ್ತಿರಲಿಲ್ಲ. ಗಾಳಿ ಮೂಡಣಕ್ಕೆ ತಿರುಗಿತೋ, ಫ್ರೆಂಚರಿಗೆ ಬಾಗಿಲು ತೆರೆದಂತೆ. ಆ ಕ್ಷಣದಲ್ಲೇ ಅವನೂ ಹೊರಟು ಅವರಿಗಿಂತ ಮೊದಲು ಅಲ್ಲಿ ಮುಟ್ಟಬೇಕು. ಹೀಗಾಗಿ ಟಾರ್‌ಬೇಯಲ್ಲಿ ನಾವಿಕರಿಗೆ ದಡ ಕಾಣುತ್ತಿತ್ತು, ಕಾಲಿಡಲು ಆಗುತ್ತಿರಲಿಲ್ಲ. ಕತ್ತೆತ್ತಿದರೆ ನೀಲಿ ಬಾವುಟ. ಅವನ ಕೆಂಪು ಮುಖಕ್ಕೆ ಸಲ್ಲುವ ಬೇರೆ ಅಡ್ಡಹೆಸರುಗಳೂ ಇದ್ದವು, ಉಳಿದದ್ದು ಇದು. ಆ ವರ್ಷಗಳಲ್ಲಿ ಅವನ ಧ್ವಜನೌಕೆಯ ಹೆಸರು, ಕಾಕತಾಳೀಯವೆಂಬಂತೆ, ‘ವಿಲ್ ದ ಪಾರಿ’. ದ ಗ್ರಾಸ್‌ನ ಹಡಗಿನ ನೆನಪಿಗೆಂದು ಬ್ರಿಟಿಷರೇ ಹೊಸದಾಗಿ ಕಟ್ಟಿದ್ದು.

1805ರ ಅಕ್ಟೋಬರಿನಲ್ಲಿ ಬ್ರಿಟಿಷ್ ಅಡ್ಮಿರಲ್ ನೆಲ್ಸನ್ ಫ್ರಾನ್ಸ್ ಮತ್ತು ಸ್ಪೇನಿನ ನೌಕಾಪಡೆಗಳನ್ನು ಸೋಲಿಸಿದ ಟ್ರಫಾಲ್ಗರ್‌ನಲ್ಲಿ ಅವನು ಇರಲಿಲ್ಲ, ಏಕೆಂದರೆ ಅವನು ಬ್ರೆಸ್ಟ್ ಬಿಟ್ಟು ಬರುವ ಹಾಗಿರಲಿಲ್ಲ. ಆದರೆ ಆ ಯುದ್ಧದ ಪೂರ್ವಾರ್ಧ ಅವನ ಕೈಯಲ್ಲಿತ್ತು. 1805ರ ಆಗಸ್ಟಿನಲ್ಲಿ ನೆಲ್ಸನ್ ತನ್ನ ಹಡಗುಗಳನ್ನು ಅವನಿಗೆ ಒಪ್ಪಿಸಿ ಮನೆಗೆ ಹೋದ ಬೆನ್ನಿಗೇ, ವಿಲಿಯಂ ತನ್ನ ಪಡೆಯ ಅರ್ಧದಷ್ಟನ್ನು ಕೈಕೆಳಗಿನ ಅಡ್ಮಿರಲ್ ಕಾಲ್ಡರ್‌ನ ಕೈಗೆ ಕೊಟ್ಟು ಸ್ಪೇನಿನ ತೀರಕ್ಕೆ ಕಳಿಸಿದ. ಶತ್ರುವಿನ ಎದುರಿಗೆ ಪಡೆಯನ್ನು ಒಡೆಯುವುದು ಶುದ್ಧ ಮೂರ್ಖತನವೆಂದು ನೆಪೋಲಿಯನ್ ಜರೆದ. ಆ ಬಗ್ಗೆ ಇತಿಹಾಸಕಾರರು ಇಂದಿಗೂ ಎರಡು ಪಂಗಡ. ಫ್ರೆಂಚ್ ನೌಕಾಪತಿ ವಿಲ್‌ನವ್ ಬ್ರೆಸ್ಟ್‌ನ ಕಡೆಗೆ ಬರದೆ ದಕ್ಷಿಣ ಸ್ಪೇನಿನ ಕಾಡಿಜ್‌ಗೆ ಹೋಗಿ ಕುಳಿತನೆಂಬುದು ಮಾತ್ರ ನಿಜ. ಟ್ರಫಾಲ್ಗರ್‌ಗೆ ಅವನು ಹೊರಟದ್ದು ಅಲ್ಲಿಂದಲೇ.

ನೆಲ್ಸನ್‌ನ ಹೆಸರು ಬಂದದ್ದರಿಂದ ಒಂದು ಹಳೆಯ ಋಣವನ್ನೂ ಹೇಳಿಬಿಡುತ್ತೇನೆ. 1780ರಲ್ಲಿ ನಿಕರಾಗುವಾದ ಕಾಡಿನ ದಂಡಯಾತ್ರೆಯಿಂದ ಸಾಯುವ ಸ್ಥಿತಿಯಲ್ಲಿ ಜಮೈಕಾಗೆ ಮರಳಿದ ಇಪ್ಪತ್ತೊಂದರ ನೆಲ್ಸನ್‌ನನ್ನು ಆರೈಕೆ ಮಾಡಿದವಳು ಗುಲಾಮಗಿರಿಯಿಂದ ಬಿಡುಗಡೆ ಪಡೆದಿದ್ದ ಕ್ಯೂಬಾ ಕಾರ್ನ್‌ವಾಲಿಸ್ ಎಂಬ ಹೆಣ್ಣುಮಗಳು. ಅವಳ ಹೆಸರಿನ ಎರಡನೆಯ ಭಾಗ ವಿಲಿಯಂನದೇ. ಅಲ್ಲಿಂದ ಇಂಗ್ಲೆಂಡಿಗೆ ಅವನನ್ನು ತನ್ನ ‘ಲಯನ್’ ಹಡಗಿನಲ್ಲಿ ಕರೆದೊಯ್ದು ನೋಡಿಕೊಂಡವನು ವಿಲಿಯಂ. ತನ್ನ ಜೀವ ಉಳಿದದ್ದು ಅವನಿಂದ ಎಂದು ನೆಲ್ಸನ್ ಮರೆಯದೆ ಹೇಳುತ್ತಿದ್ದ.

ಪ್ರಶ್ನೆ: ಇಂಥ ಅಧಿಕಾರಿಗೆ ಕೋರ್ಟ್ ಮಾರ್ಷಲ್ ಆದದ್ದು ನಿಜವೇ? ಅವನ ಕೊನೆಯ ದಿನಗಳು, ಸಂಸಾರ ಹೇಗಿದ್ದವು?
— ಯಲಹಂಕದ ಓದುಗರು

ಉತ್ತರ: ನಿಜ, 1796ರಲ್ಲಿ. ವೆಸ್ಟ್ ಇಂಡೀಸಿಗೆ ಹೊರಟ ಅವನ ಹಡಗು ದಾರಿಯಲ್ಲಿ ಸರಕು ಹಡಗೊಂದಕ್ಕೆ ತಾಗಿ ಜಖಂಗೊಂಡಿದ್ದರಿಂದ ಹಿಂದಿರುಗಿದ. ಚಿಕ್ಕ ಫ್ರಿಗೇಟಿನಲ್ಲಿ ಹೋಗೆಂದು ಮೇಲಿನವರು ಆಜ್ಞಾಪಿಸಿದರು. ಆರೋಗ್ಯ ಸರಿಯಿಲ್ಲ, ಹೋಗಲಾರೆ ಎಂದ. ನ್ಯಾಯಾಲಯ ಅವನನ್ನು ಅವಿಧೇಯತೆಯ ದೋಷದಿಂದ ಮುಕ್ತಗೊಳಿಸಿ, ಜೊತೆಯ ಬೇರೊಂದು ದೊಡ್ಡ ಹಡಗಿಗೆ ಬದಲಾಯಿಸಿಕೊಂಡು ಮುಂದುವರಿಯದಿದ್ದುದಕ್ಕೆ ಆಕ್ಷೇಪ ಸೂಚಿಸಿತು. ಅವನು ಧ್ವಜ ಇಳಿಸಿ ಮನೆಗೆ ಹೋದ. ಐದು ವರ್ಷ ಕೆಲಸವಿರಲಿಲ್ಲ, ಜ್ಯೇಷ್ಠತೆಯ ಬಡ್ತಿ ಮಾತ್ರ ತಪ್ಪದೆ 1799ರಲ್ಲಿ ಪೂರ್ಣ ಅಡ್ಮಿರಲ್ ಆದ.

1805ರ ಅಕ್ಟೋಬರ್ 5ರಂದು, ಎರಡನೆಯ ಸಲ ಗವರ್ನರ್ ಜನರಲ್ ಆಗಿ ಬಂದಿದ್ದ ಅಣ್ಣ ಚಾರ್ಲ್ಸ್ ಗಾಜೀಪುರದಲ್ಲಿ ತೀರಿಕೊಂಡಾಗ ತಮ್ಮ ಬ್ರೆಸ್ಟ್‌ನ ಮುಂದಿದ್ದ. ಮುಂದಿನ ವರ್ಷದ ಫೆಬ್ರವರಿಯಲ್ಲಿ ಅವನನ್ನು ಆ ಹುದ್ದೆಯಿಂದ ಬಿಡಿಸಿದರು. ಮತ್ತೆ ಸಮುದ್ರಕ್ಕೆ ಹೋಗಲಿಲ್ಲ. ಮದುವೆಯಾಗಿರಲಿಲ್ಲ. ಹ್ಯಾಂಪ್‌ಷೈರಿನ ಮಿಲ್‌ಫರ್ಡ್ ಎಂಬ ಕಡಲತೀರದ ಊರಿನ ತನ್ನ ‘ನ್ಯೂಲ್ಯಾಂಡ್ಸ್’ ಎಸ್ಟೇಟಿನಲ್ಲಿ 1819ರ ಜುಲೈ 5ರಂದು ತೀರಿಕೊಂಡ. ಭಾರತದಲ್ಲಿದ್ದ ಕಾಲದಿಂದ ಅವನ ಕೈಕೆಳಗೆ ಬೆಳೆದ ಜಾನ್ ವಿಟ್ಬಿ ಎಂಬ ಕ್ಯಾಪ್ಟನ್ ಮಗನಂತೆ ಇದ್ದ. ಅವನು 1806ರಲ್ಲೇ ಸತ್ತಿದ್ದ. ಅಡ್ಮಿರಲ್ ತನ್ನ ಎಸ್ಟೇಟನ್ನು ವಿಟ್ಬಿಯ ವಿಧವೆ ಮೇರಿ ಆನ್‌ಗೆ ಬಿಟ್ಟುಹೋದ.

ರಾಮನಗರ, ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗಳನ್ನು ಕಂಡಿರುವ ನಮ್ಮ ಓದುಗರಿಗೆ ಮುಂದಿನದು ರುಚಿಸಬಹುದು. ಅಣ್ಣ ತಮ್ಮಂದಿರು ನೆಲದಲ್ಲೂ ಕಡಲಲ್ಲೂ ಎದುರಿಸಿದ ಟಿಪ್ಪು, ಬಂಗಾಳದಿಂದ ಮೊಟ್ಟೆ ತರಿಸಿ ಮೈಸೂರಿನಲ್ಲಿ ರೇಷ್ಮೆ ಸಾಕಣೆಯನ್ನು ಬೆಳೆಸಿದವನು. ಮೇರಿ ಆನ್ ವಿಟ್ಬಿ 1835ರ ಸುಮಾರಿಗೆ ಇಟಲಿಗೆ ಹೋದಾಗ ರೇಷ್ಮೆ ಕೃಷಿ ಕಂಡು, ಅಡ್ಮಿರಲ್ ಬಿಟ್ಟುಹೋದ ಜಮೀನಿನಲ್ಲಿ ಹಿಪ್ಪುನೇರಳೆ ನೆಟ್ಟು, ಇಂಗ್ಲೆಂಡಿನ ಚಳಿಯಲ್ಲಿ ಹುಳು ಸಾಕಿ, ನೂಲು ತೆಗೆಸಿ, ಆ ರೇಷ್ಮೆಯ ಬಟ್ಟೆಯನ್ನು ವಿಕ್ಟೋರಿಯಾ ರಾಣಿಗೆ ಕಾಣಿಕೆ ಕೊಟ್ಟಳು. 1840ರ ದಶಕದ ಕೊನೆಯಲ್ಲಿ ಚಾರ್ಲ್ಸ್ ಡಾರ್ವಿನ್ ಅವಳಿಗೆ ಪತ್ರ ಬರೆದು, ಕೆಲವು ಹುಳುಗಳ ಕಣ್ಣಿನ ಮೇಲೆ ಹುಬ್ಬಿನಂತೆ ಕಾಣುವ ಕಪ್ಪು ಗೆರೆ ಮರಿಗಳಿಗೂ ಬರುತ್ತದೆಯೇ ಎಂದು ವಿಚಾರಿಸಿದ. ಅವಳು ಗೆರೆಯಿರುವ ಹುಳುಗಳನ್ನು ಬೇರೆಯಾಗಿಟ್ಟು ತಳಿ ಬೆಳೆಸಿ, ಬರುತ್ತದೆ ಎಂದು ಉತ್ತರಿಸಿದಳು.